ಮಾಟಗಾತಿಯ ಅಣ್ಣ

೨೧ ಜೂನ್, ಶುಕ್ರವಾರ

ಅಣ್ಣನೂ ನಾನೂ ಎರಡು ವರ್ಷ ಕಾದಿದ್ದ ವಿಡಿಯೋ ಗೇಮಿನ ಹೊಸ ಕಥೆ ಇವತ್ತು ಬಂತು. ಹಿಮಾಯತ್‌ನಗರದ ಆಫೀಸಿನಿಂದ ಓಡಿಬಂದರೆ, ನನ್ನ ಕಂಟ್ರೋಲರ್ ಕಾವ್ಯಾ ವೈನಿಯ ಕೈಯಲ್ಲಿ! ಅಣ್ಣನ ಮದುವೆಯಾಗಿ ಇನ್ನೂ ಮೂರು ತಿಂಗಳೂ ಆಗಿಲ್ಲ. ನಾಚಾರಂ ಬಡಾವಣೆಯ ನಮ್ಮ ಸಿಡುಕಿನ ಅತ್ತಿಯನ್ನು ನೆನೆದು ಆಟದ ಮಾಟಗಾತಿಗೆ ನಾವಿಬ್ಬರೇ ಇಟ್ಟಿದ್ದ ‘ನಾಚಾರಂ ಅತ್ತಿ’ ಎಂಬ ಗುಟ್ಟಿನ ಹೆಸರನ್ನೂ ಅಣ್ಣ ಆಕೆಗೆ ಹೇಳಿಬಿಟ್ಟಿದ್ದಾನೆ. ಹೊಟ್ಟೆ ಉರಿಯಿತು.

ಕಥೆಯೇನೋ ಚೆನ್ನಾಗಿದೆ. ತನ್ನ ಜೊತೆಗೆ ಬೆಳೆದ ಅಣ್ಣ ರಾಣಿಯೊಬ್ಬಳ ಹಿಂದೆ ಹೋದದ್ದಕ್ಕೇ ಮಾಟಗಾತಿ ರಾಜ್ಯಕ್ಕೆ ಶಾಪ ಹಾಕಿದ್ದಳಂತೆ. ಕೊನೆಗೆ ಅವಳನ್ನು ಬಿಡಬೇಕೋ ಸುಡಬೇಕೋ ಎಂದು ಆಟ ಕೇಳಿತು.

“ಪಾಪ, ಬಿಟ್ಟಬಿಡೋಣ್ರಿ,” ಎಂದಳು ವೈನಿ.

“ಸಂಯುಕ್ತಾ, ನೀ ಏನಂತಿ?” ಎಂದ ಅಣ್ಣ.

ವೈನಿಯ ಮಾತು ನಡೆಯಬಾರದಲ್ಲ! “ಸುಡು,” ಎಂದೆ.

ಸುಟ್ಟ. ಆ ಆಟದಲ್ಲಿ ನನ್ನ ಸಂಕಟ ಗೊತ್ತಿದ್ದವಳು ಆ ಮಾಟಗಾತಿಯೊಬ್ಬಳೇ.