ಎಂಟು ಗಂಟೆ ಹತ್ತು ನಿಮಿಷ

ಬಸ್ ನಿಲ್ದಾಣ, ನಿಯಂತ್ರಣ ಕೊಠಡಿ
ಮಾರ್ಚ್ ೯, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಬೆನ್ನುನೋವು ಹೇಗಿದೆ? ಲಿಫ್ಟ್ ರಿಪೇರಿಗೆ ಗುಂಡಿಯೊಳಗೆ ಇಳಿಯುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯಾ? ಇಷ್ಟು ವರ್ಷ ‘ನೀವು’ ಅಂತಲೇ ಬರೆದವಳು, ಇವತ್ತು ಕೈ ಬರುತ್ತಿಲ್ಲ. ಫೋನಿನಲ್ಲಿ ಬೈದರೆ ಸಿಗ್ನಲ್ ಇಲ್ಲ ಅಂತ ಜಾರಿಕೊಳ್ಳುತ್ತೀಯ. ಕೊರಿಯರಿನಲ್ಲಿ ಬರುವ ಕಾಗದಕ್ಕೆ ಆ ಕಾಟವಿಲ್ಲ, ಪೂರ್ತಿ ಓದು.

ಮೊನ್ನೆ ಪುಟ್ಟಿಗೆ ಶಾಲೆಯಲ್ಲಿ ಹೋಂವರ್ಕ್ ಕೊಟ್ಟಿದ್ದರು. ದೂರದ ಎರಡು ಊರು ಆರಿಸಿಕೊಂಡು, ನಡುವೆ ವಿಮಾನದ ದಾರಿ ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು ಅಂತ ಬರೆಯಬೇಕು. ಅವಳು ಇನ್ಯಾವ ಊರು ಆರಿಸಿಯಾಳು? ನಮ್ಮದು, ನಿನ್ನದು. ಬರೆದು ತಂದು ತೋರಿಸಿದಳು: ಆರು ಸಾವಿರದ ನೂರು ಕಿಲೋಮೀಟರ್, ಎಂಟು ಗಂಟೆ ಹತ್ತು ನಿಮಿಷ. “ಎರಡು ದಿನ ಕಣೇ, ಸರಿಯಾಗಿ ನೋಡು” ಅಂತ ಗದರಿ ಕೈಗೆ ರಬ್ಬರ್ ಕೊಟ್ಟೆ. ಪಾಪ, ಅಳುತ್ತಾ ಅಳಿಸಿದಳು. ಮಾರನೆಯ ದಿನ ಟೀಚರು ನನ್ನ ‘ಎರಡು ದಿನ’ ಹೊಡೆದು, ಕೆಂಪು ಶಾಯಿಯಲ್ಲಿ ಮತ್ತೆ ಎಂಟು ಗಂಟೆ ಹತ್ತು ನಿಮಿಷ ಅಂತ ತಿದ್ದಿ ಕಳಿಸಿದರು. ನಾನೇ ಟಿಕೆಟ್ ಏಜೆನ್ಸಿಗೆ ಹೋಗಿ ವಿಚಾರಿಸಿದೆ. ನೇರ ವಿಮಾನ, ದಿನಕ್ಕೊಂದು, ನೀನು ಅಲ್ಲಿಗೆ ಹೋಗುವ ಮುಂಚಿನಿಂದಲೂ ಇದೆಯಂತೆ.

ಹತ್ತೊಂಬತ್ತು ವರ್ಷದಿಂದ ಈ ಕಿಟಕಿಯಲ್ಲಿ ಕೂತು ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುತ್ತಿದ್ದೇನೆ. ಟೈರ್ ಪಂಕ್ಚರ್ ಅಂದ ಡ್ರೈವರನ ಕೈ ನೋಡುತ್ತೇನೆ. ಮಸಿ ಇಲ್ಲದಿದ್ದರೆ ಅಲ್ಲೇ ನೀರಿಳಿಸುತ್ತೇನೆ. ನಿನ್ನ ಕೈ ಮಾತ್ರ ನೋಡಲಿಲ್ಲ. ಮಾವ ಕುಸಿದು ಬಿದ್ದ ಬೆಳಿಗ್ಗೆ ಮೊದಲು ಫೋನ್ ಮಾಡಿದ್ದೇ ನಿನಗೆ. “ಎರಡು ದಿನದ ದಾರಿ, ಹೊರಟರೂ ಮುಖ ಸಿಗಲ್ಲ” ಅಂತ ನೀನು ಬಿಕ್ಕಿದೆ, ನಾನು ಸಮಾಧಾನ ಹೇಳಿದೆ. ಮೂವತ್ತನಾಲ್ಕು ಗಂಟೆ ಜೀವ ಹಿಡಿದುಕೊಂಡಿದ್ದರು ನಿನ್ನಪ್ಪ. ಕಣ್ಣು ಬಿಟ್ಟಾಗಲೆಲ್ಲ “ಹೊರಟನಾ?” ಅಂತ ಒಂದೇ ಪ್ರಶ್ನೆ. “ತುಂಬಾ ದೂರ ಮಾವ, ಅವರಾದ್ರೂ ಏನು ಮಾಡ್ತಾರೆ” ಅಂದದ್ದು ಈ ಬಾಯಿ. ಸಾಯುವವರ ಎದುರು ನನ್ನಿಂದ ಸುಳ್ಳು ಹೇಳಿಸಿದೆಯಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ. ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡಲು ಹೆದರಿದೆಯಾ, ರಜೆ ಕೇಳಲು ಹೆದರಿದೆಯಾ, ಇಲ್ಲಾ ನಾವೇ ಬೇಡವಾದೆವಾ? ಯಾವುದೇ ಆಗಲಿ, ನಿಜ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ. ತಪ್ಪನ್ನು ಕಿಲೋಮೀಟರಿನ ತಲೆಗೆ ಕಟ್ಟಬೇಡ.

ಪುಟ್ಟಿ ಮುತ್ತು ಕಳಿಸಿದ್ದಾಳೆ. ಅದು ಅವಳದು, ನನ್ನ ಕಡೆಯಿಂದ ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನಪ್ಪನ ಸೊಸೆ

ತಾ.ಕ.: ಎರಡೂವರೆಯ ಬಸ್ಸು ಬಂದು ಹಾರನ್ ಹೊಡೆಯುತ್ತಿದೆ, ಬೇಗ ಬರೆದುಬಿಡುತ್ತೇನೆ. ಕರೆಸಿಕೊಳ್ಳುತ್ತೇನೆ ಅಂತ ನೀನೇ ಮಾಡಿಸಿಟ್ಟಿದ್ದ ಪಾಸ್‌ಪೋರ್ಟುಗಳು ಕೊನೆಗೂ ಬೀರುವಿನಿಂದ ಹೊರಗೆ ಬಂದವು. ಹದಿನೇಳನೇ ತಾರೀಖು ಬೆಳಿಗ್ಗೆ ಆರು ಹತ್ತಕ್ಕೆ ನಾನೂ ಪುಟ್ಟಿಯೂ ನಿನ್ನೂರಲ್ಲಿ ಇಳಿಯುತ್ತೇವೆ. ಕಾರಣ ಏನಿದ್ದರೂ ನನ್ನೆದುರು ನಿಂತು ಹೇಳು. ಇಲ್ಲಿ ಯಾವ ಡ್ರೈವರನಿಗೂ ಹತ್ತು ನಿಮಿಷದ ಮೇಲೆ ಕಾದವಳಲ್ಲ, ನಿನಗೆ ಒಂದು ಗಂಟೆ ಕೊಡುತ್ತೇನೆ. ಅಷ್ಟರೊಳಗೆ ನೀನು ಕಾಣದಿದ್ದರೆ ಅವತ್ತಿನ ವಿಮಾನಕ್ಕೇ ವಾಪಸು ಹತ್ತುತ್ತೇವೆ. ದೂರವೇನಿಲ್ಲವಲ್ಲ.