ಹಂಸಿನಿಯ ಸೊಂಟದೆತ್ತರ

ಹಿಂದೂಪುರ
ಬುಧವಾರ

ಬನಶ್ರೀ,

ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಕಲ್ಯಾಣದುರ್ಗದ ಬಸ್ಸಿನಲ್ಲಿ ನಿನ್ನ ತವರಿಗೆ ಕಳಿಸುತ್ತಿದ್ದೇನೆ. ಹಂಸಿನಿಯ ಕಾಲಿನ ಪ್ಲಾಸ್ಟರ್ ತೆಗೆದರೆಂದು ನಿನ್ನ ತಮ್ಮ ಹೇಳಿದ. "ಕಾಲು ಕಡ್ಡಿಯಂಗಾಗ್ಬುಟ್ಟೈತೆ ಬಾವ, ನೆಲಕ್ಕೂರು ಅಂದ್ರೆ ಅಳ್ತಾಳೆ" ಅಂದ. ಏನಾದರೂ ಹಿಡಿದುಕೊಂಡು ದಿನಾ ನಡೆಯಬೇಕಂತೆ.

ಮಗ್ಗದ ಕೋಣೆಯ ಗೋಡೆಯುದ್ದಕ್ಕೂ ಒಂದು ಬಿದಿರು ಕಟ್ಟಿದ್ದೇನೆ, ಹಿಡಿದು ನಡೆಯಲಿ ಎಂದು. ಎತ್ತರ ಮಾತ್ರ ನನ್ನ ನೆನಪಿನದು. ನೀವು ಇಲ್ಲಿಂದ ಹೋದ ಈ ಮೂರು ತಿಂಗಳಲ್ಲಿ ಮಗು ಬೆಳೆದಿರುತ್ತದೆ. ಈ ಕಾಗದದ ಜೊತೆ ರೇಷ್ಮೆ ದಾರ ಇಟ್ಟಿದ್ದೇನೆ. ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲದಿಂದ ಸೊಂಟದವರೆಗೆ ಅಳೆದು, ಅಲ್ಲಿಗೊಂದು ಗಂಟು ಹಾಕಿ ಕಳಿಸು.

ಬೈಕು ಮಾರಿದೆ. ನಾವು ಬಿದ್ದ ದಿನ ನೀನು ಬಾಗಿಲಲ್ಲಿ ನಿಂತು "ನಿಧಾನಕ್ಕೋಗಿ, ಹಿಂದೆ ಮಗು ಐತೆ" ಅಂದದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು.

ಗಂಟನ್ನು ಹಂಸಿನಿಯೇ ಹಾಕಲಿ. ಅಪ್ಪನಿಗೆ ಹಾಕಲ್ಲ ಅಂದರೆ ಗದರಬೇಡ. ದಾರ ಗಂಟಿಲ್ಲದೆ ಹಾಗೇ ವಾಪಸ್ಸು ಬಂದರೂ ನಾನು ಬಿದಿರು ಬಿಚ್ಚುವುದಿಲ್ಲ.

ಇಂತಿ,
ಹಂಸಿನಿಯ ಅಪ್ಪ
ಉಮಾಶಂಕರ್