ಬಲಮುರಿ ಎಂದು ಬರೆದ ಅಪರಾಧ

ತಾಯಲೂರು, ಮಾರ್ಚಿ 1941

ವಸ್ತುಸಂಗ್ರಹಾಲಯದ ಮಾನ್ಯ ಮೇಲಧಿಕಾರಿಗಳೇ,

ಎಳ್ಳುಕಾಳಿನಷ್ಟು ಚಿಕ್ಕ ಬಸವನಹುಳುವಿನ ಚಿಪ್ಪನ್ನು ಕಣ್ಣೆತ್ತಿಯೂ ನೋಡದೆ ಹೊಸ ಜಾತಿಯೆಂದು ನಾಮಕರಣ ಮಾಡಿದವರು ನೀವು. ಆ ತಪ್ಪನ್ನು ನಮ್ಮಣ್ಣ ಚನ್ನರಾಯಪ್ಪನ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ತೆಗೆದವರೂ ನೀವೇ. ಮೂರು ಕಾಗದ ಬರೆದೆ, ಉತ್ತರವಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮುಳಬಾಗಿಲಿನ ಬಂಡೆಸಂದಿಯ ಮಣ್ಣನ್ನು ರಾಗಿಹಿಟ್ಟಿನ ಜರಡಿಯಲ್ಲಿ ಆಡಿಸಿ ಆ ಚಿಪ್ಪುಗಳನ್ನು ಹೆಕ್ಕಿದವನು ಅಣ್ಣ. ಡಬ್ಬಿಯ ಚೀಟಿಯಲ್ಲಿ 'ಬಲಮುರಿ' ಎಂದು ಬರೆದವನೂ ಅವನೇ. ದೇವಸ್ಥಾನದ ಬಲಮುರಿ ಶಂಖ ಯಾವ ಕಡೆ ಸುತ್ತಿದೆಯೋ ಆ ಚಿಪ್ಪೂ ಅದೇ ಕಡೆ ಸುತ್ತಿತ್ತು. ನಾವು ಶಂಖವನ್ನು ಸುರುಳಿಯ ತುದಿ ಕೆಳಗಾಗಿ ಹಿಡಿದು ನೋಡುತ್ತೇವೆ, ನಿಮ್ಮ ಶಾಸ್ತ್ರ ಮೇಲಾಗಿ ಹಿಡಿಯುತ್ತದೆ. ಹಾಗಾಗಿ ನಮ್ಮ ಬಲ ನಿಮ್ಮ ಪುಸ್ತಕಕ್ಕೆ ಎಡ. ಡಬ್ಬಿಯ ಮುಚ್ಚಳ ತೆಗೆದಿದ್ದರೆ ಕ್ಷಣದಲ್ಲಿ ತಿಳಿಯುತ್ತಿತ್ತು. ಆ ಶ್ರಮ ನಿಮಗೇಕೆ? ಒಂಬತ್ತು ವರ್ಷ ಬೀರುವಿನಲ್ಲಿದ್ದ ಡಬ್ಬಿಯ ಚೀಟಿಯನ್ನಷ್ಟೇ ಓದಿ, ಎಡಕ್ಕೆ ಸುತ್ತುವ ಹುಳುಗಳ ಬಳಗದಲ್ಲಿ ಬಲಕ್ಕೆ ಸುತ್ತುವ ಅಪೂರ್ವ ಜಾತಿ ಸಿಕ್ಕಿತೆಂದು ನಾಲ್ಕು ಪುಟ ಅಚ್ಚು ಹಾಕಿಸಿದಿರಿ. ನಿಮ್ಮ ಮಾವನವರ ಹೆಸರನ್ನೂ ಅದಕ್ಕಿಟ್ಟಿರಿ. ಹುಳುವಿಗೆ ಕಿವಿಯಿಲ್ಲದಿರುವುದು ಅದರ ಪುಣ್ಯ. ಹೊರದೇಶದ ಪಂಡಿತರೊಬ್ಬರು ಚಿಪ್ಪು ತರಿಸಿಕೊಂಡು ನೋಡಿ, ಇದು ಎಡಕ್ಕೇ ಸುತ್ತಿದೆ, ಹಳೆಯ ಜಾತಿಯೇ ಎಂದು ಬರೆದಾಗ ನಿಮಗೆ ನಾಚಿಕೆಯಾಗಬೇಕಿತ್ತು. ಸಿಟ್ಟು ಬಂತು. ನಿಮ್ಮ ಮೇಜಿನ ಮೇಲೆ ಭೂತಗನ್ನಡಿ ಇಟ್ಟಿರುವುದು ಏತಕ್ಕೆ ಸ್ವಾಮಿ, ಕಾಗದ ಹಾರದಿರಲೆಂದೇ?

ನೌಕರರೆಲ್ಲರ ಎದುರು ಅಣ್ಣನನ್ನು ನಿಲ್ಲಿಸಿ, "ಬಲಗೈ ಎತ್ತಯ್ಯ, ನೋಡೋಣ" ಎಂದಿರಂತೆ. ಇಪ್ಪತ್ತೆರಡು ವರ್ಷ ದುಡಿದವನು ಗಾಬರಿಯಲ್ಲಿ ಎಡಗೈ ಎತ್ತಿದ. ನೀವು ನಕ್ಕಿರಿ. ನೀವು ನಕ್ಕಿದ್ದಕ್ಕೆ ಅವರೂ ನಕ್ಕರು. ಅಲ್ಲಿಂದೀಚೆಗೆ ಅಣ್ಣ ಊಟಕ್ಕೆ ಕೂತಾಗಲೆಲ್ಲ ಎರಡೂ ಕೈ ಮುಂದೆ ಚಾಚಿ ಅತ್ತಿಗೆಯನ್ನು ಕೇಳುತ್ತಾನೆ: "ಅಂಜಮ್ಮ, ಮುದ್ದೆ ಮುರಿಯೋ ಕೈ ಇದೇ ಅಲ್ವೇನೇ?" ಅವರು ಹೌದೆಂದ ಮೇಲೇ ತಿನ್ನುತ್ತಾನೆ. ಕೆಲವು ದಿನ ಅತ್ತಿಗೆ ಎದ್ದು ಒಳಗೆ ಹೋಗಿಬಿಡುತ್ತಾರೆ. ನನಗೆ ನೋಡಲಾಗುವುದಿಲ್ಲ.

ಡಬ್ಬಿ ತೆಗೆದು ನೋಡದೆ ಬರೆದೆನೆಂದು ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿ. ಅವನನ್ನು ಮತ್ತೆ ಕೆಲಸಕ್ಕೆ ಕರೆಯಿರಿ. ಅಷ್ಟೂ ಆಗದಿದ್ದರೆ, ಒಂದು ದಿನ ತಾಯಲೂರಿಗೆ ಅವನ ಊಟದ ಹೊತ್ತಿಗೆ ಬಂದು ಎದುರು ಕುಳಿತುಕೊಳ್ಳಿ. ಅವನು ಕೇಳುವಾಗ ಅತ್ತಿಗೆಯ ಬದಲು ನೀವು ಉತ್ತರ ಹೇಳಿ.

ಇಂತಿ,
ಅಣ್ಣನಿಗೆ ಅಕ್ಷರ ಕಲಿಸಿ, ಚೀಟಿ ಬರೆಯುವಂತೆ ಮಾಡಿದ ತಪ್ಪಿತಸ್ಥ,
ಕೋದಂಡರಾಮಪ್ಪ, ಶಾಲಾ ಉಪಾಧ್ಯಾಯ